ರಜೆ ಹಾಕಿ ಗೆದ್ದ ಮೇಷ್ಟ್ರು

(ದೊಮ್ಮಲೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪರಿಷ್ಕೃತ ಬರಹರೂಪ)



ದತ್ತಿ ಉಪನ್ಯಾಸ ಎಂದರೆ ಕವಿಯನ್ನೋ ಶಾಸನವನ್ನೋ ಹಿಡಿದು ಮಾತಾಡುವುದು ವಾಡಿಕೆ. ನಾನು ಹಾಲೆಂಡಿನ ಒಬ್ಬ ಗಣಿತದ ಮೇಷ್ಟ್ರನ್ನು ಹಿಡಿದುಕೊಂಡು ಬಂದಿದ್ದೇನೆ. ಹೆಸರು ಮ್ಯಾಕ್ಸ್ ಯೂವೆ. 1901ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪಕ್ಕದಲ್ಲಿ ಹುಟ್ಟಿ, 1981ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲೇ ತೀರಿಕೊಂಡರು. 1926ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದು ಆಮ್‌ಸ್ಟರ್‌ಡ್ಯಾಮಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳಲು ಸೇರಿದರು. ಆ ನೌಕರಿಯಲ್ಲಿ ಇದ್ದುಕೊಂಡೇ 1935ರಲ್ಲಿ ಚೆಸ್‌ನ ವಿಶ್ವ ಚಾಂಪಿಯನ್ ಆದರು.

ಇಂಥ ಕಥೆ ಕೇಳಿದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು 'ಎಂಥ ಸಾಧನೆ, ಎಂಥ ಛಲ' ಎಂಬುದು. ಛಲವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಇವತ್ತು ನಾನು ಛಲದ ಬಗ್ಗೆ ಮಾತಾಡುವುದಿಲ್ಲ, ರಜೆಯ ಬಗ್ಗೆ ಮಾತಾಡುತ್ತೇನೆ. ನೌಕರಿ ಮಾಡುತ್ತ ಒಂದು ವಿದ್ಯೆಯಲ್ಲಿ ಮೇಲೇರಿದವರ ಹಿಂದೆ ಅವರ ಹೊತ್ತನ್ನು ಬಿಡಿಸಿಕೊಟ್ಟ ಒಂದು ಏರ್ಪಾಡು ಇರುತ್ತದೆ. ಆ ಏರ್ಪಾಡು ಯಾರದು, ಅದು ಹೇಗೆ ನಡೆಯುತ್ತದೆ, ನಮ್ಮ ಊರಿನಲ್ಲಿ ಅದು ಏನಾಯಿತು ಎಂಬುದು ಈ ಉಪನ್ಯಾಸದ ವಿಷಯ.

1. ಶಾಲೆಯ ಕ್ಯಾಲೆಂಡರ್

ಯೂವೆ ಅವರ ಹೆಸರಾಂತ ಪಂದ್ಯಗಳ ತಾರೀಖುಗಳನ್ನು ಸಾಲಾಗಿ ಬರೆದು ನೋಡಿ. ಮುಂದೆ ವಿಶ್ವ ಚಾಂಪಿಯನ್ ಆಗಲಿದ್ದ ಅಲೆಖೈನ್ ಜೊತೆ ಮೊದಲ ಪಂದ್ಯಸರಣಿ 1926ರ ಡಿಸೆಂಬರ್‌ನಿಂದ 1927ರ ಜನವರಿಗೆ. ಇನ್ನೊಬ್ಬ ಅಗ್ರ ಆಟಗಾರ ಬೊಗೊಲ್ಯುಬೊವ್ ಜೊತೆಗಿನ ಎರಡು ಸರಣಿಗಳಲ್ಲಿ ಒಂದು 1928ರ ಏಪ್ರಿಲ್‌ನಲ್ಲಿ, ಇನ್ನೊಂದು ಆ ವರ್ಷದ ಕೊನೆಯಲ್ಲಿ. 1928ರಲ್ಲಿ ಹೇಗ್ ನಗರದಲ್ಲಿ ಗೆದ್ದ ಹವ್ಯಾಸಿಗಳ ವಿಶ್ವ ಚಾಂಪಿಯನ್‌ಷಿಪ್ ಬೇಸಿಗೆಯಲ್ಲಿ. ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಜೊತೆಗಿನ ಸರಣಿ 1931ರ ಜುಲೈನಲ್ಲಿ. ಜ್ಯೂರಿಕ್ ಟೂರ್ನಮೆಂಟ್ 1934ರ ಜುಲೈನಲ್ಲಿ. ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಗೆದ್ದದ್ದೆಲ್ಲ ಕ್ರಿಸ್ಮಸ್ ಮತ್ತು ಹೊಸ ವರ್ಷದ ಆಸುಪಾಸಿನಲ್ಲಿ, ಏಕೆಂದರೆ ಆ ಟೂರ್ನಮೆಂಟ್ ನಡೆಯುವುದೇ ಆಗ.

ಕ್ರಿಸ್ಮಸ್ ರಜೆ, ಈಸ್ಟರ್ ರಜೆ, ಬೇಸಿಗೆ ರಜೆ. ಒಂದು ಚೆಸ್ ಬದುಕು ಪೂರ್ತಿ ಶಾಲೆಯ ರಜಾಪಟ್ಟಿಯ ಮೇಲೆ ಕಟ್ಟಿದ್ದು.

ಈ ಪಟ್ಟಿಯಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಅಲೆಖೈನ್ ಜೊತೆ ಆಡಿ ಸೋತದ್ದು ಐದೂವರೆಗೆ ನಾಲ್ಕೂವರೆ. ಬೊಗೊಲ್ಯುಬೊವ್ ಜೊತೆ ಎರಡು ಸಲವೂ ಸೋತದ್ದು ಅದೇ ಲೆಕ್ಕದಲ್ಲಿ. ಕಾಪಾಬ್ಲಾಂಕಾ ಜೊತೆ ಹತ್ತು ಆಟಗಳಲ್ಲಿ ಎಂಟು ಡ್ರಾ, ಎರಡು ಸೋಲು. ಜಗತ್ತಿನ ಅಗ್ರ ಆಟಗಾರರ ಎದುರು ಕೂದಲೆಳೆಯಲ್ಲಿ ಸೋಲುತ್ತಿದ್ದ ಈ ಮನುಷ್ಯ ಸೋತ ಮೇಲೆ ಹಿಂತಿರುಗುತ್ತಿದ್ದುದು ಬೀಜಗಣಿತದ ತರಗತಿಗೆ. ಆ ಕಾಲದ ವೃತ್ತಿಪರ ಆಟಗಾರನಿಗೆ ಸೋಲೆಂದರೆ ಮುಂದಿನ ಆಹ್ವಾನ ತಪ್ಪುವುದು, ಆಹ್ವಾನ ತಪ್ಪಿದರೆ ಮನೆ ಬಾಡಿಗೆಗೆ ಸಂಚಕಾರ. ಯೂವೆಗೆ ತಿಂಗಳ ಸಂಬಳ ಬರುತ್ತಿತ್ತು. ಹಾಗಾಗಿ ತನಗಿಂತ ಬಲಶಾಲಿಯಾದವನ ಎದುರಿಗೆ ಮತ್ತೆ ಮತ್ತೆ ಕೂರುವುದು ಅವರಿಗೆ ಕಲಿಕೆಯಾಗಿ ಉಳಿಯಿತು. ನೌಕರಿ ಅವರಿಂದ ಹೊತ್ತನ್ನು ಕಿತ್ತುಕೊಂಡಿತು ನಿಜ, ಆದರೆ ಸೋಲುವ ಸ್ವಾತಂತ್ರ್ಯವನ್ನೂ ಕೊಟ್ಟಿತು.

2. ಹದಿಮೂರು ಊರುಗಳ ಪಂದ್ಯ

1935ರ ಅಕ್ಟೋಬರ್ 3ರಿಂದ ಡಿಸೆಂಬರ್ ಮಧ್ಯದವರೆಗೆ ಆಗಿನ ಚಾಂಪಿಯನ್ ಅಲೆಖೈನ್ ಎದುರು ನಡೆದ ವಿಶ್ವ ಚಾಂಪಿಯನ್‌ಷಿಪ್ ಮಾತ್ರ ಯಾವ ರಜಾಪಟ್ಟಿಯಲ್ಲೂ ಹಿಡಿಸುವಂಥದ್ದಲ್ಲ. ಮೂವತ್ತು ಆಟ, ಹತ್ತು ವಾರ. ಅದಕ್ಕಾಗಿ ಯೂವೆ ಶಾಲೆಯಿಂದ ರಜೆ ಪಡೆದರು. ಹಣವನ್ನು ಡಚ್ ಅಭಿಮಾನಿಗಳ ಸಮಿತಿಯೊಂದು ಹೊಂದಿಸಿತು. ಆಟಗಳನ್ನು ಒಂದೇ ಕಡೆ ಇಡದೆ ಆಮ್‌ಸ್ಟರ್‌ಡ್ಯಾಮ್, ಹೇಗ್, ಡೆಲ್ಫ್ಟ್, ರಾಟರ್‌ಡ್ಯಾಮ್, ಉಟ್ರೆಕ್ಟ್, ಗೌಡಾ, ಗ್ರೋನಿಂಗನ್ ಮೊದಲಾದ ಹದಿಮೂರು ಊರುಗಳಿಗೆ ಹಂಚಿದರು. ಚಾಂಪಿಯನ್‌ಷಿಪ್ ಎಂಬುದು ಊರೂರು ಸುತ್ತುವ ಉತ್ಸವವಾಯಿತು.

ಆರಂಭ ಚೆನ್ನಾಗಿರಲಿಲ್ಲ. ಏಳು ಆಟ ಮುಗಿದಾಗ ಅಲೆಖೈನ್ 5, ಯೂವೆ 2. ಅಲ್ಲಿಂದ, ನಡುವೆ ಒಂಬತ್ತನೆಯದನ್ನು ಸೋತರೂ, ಎಂಟನೆಯ, ಹತ್ತನೆಯ, ಹನ್ನೆರಡನೆಯ, ಹದಿನಾಲ್ಕನೆಯ ಆಟಗಳನ್ನು ಗೆದ್ದು ಸಮಕ್ಕೆ ತಂದರು. ಹದಿನಾರು, ಹತ್ತೊಂಬತ್ತು ಸೋತು ಮತ್ತೆ ಹಿಂದೆ ಬಿದ್ದರು, ಇಪ್ಪತ್ತು, ಇಪ್ಪತ್ತೊಂದು ಗೆದ್ದು ಮತ್ತೆ ಸಮ ಮಾಡಿದರು. 25 ಮತ್ತು 26ನೆಯ ಆಟಗಳಲ್ಲಿ ಸಾಲಾಗಿ ಗೆದ್ದು ಮುಂದಾದರು. ಕೊನೆಗೆ 15½–14½. ಒಂಬತ್ತು ಗೆಲುವು, ಎಂಟು ಸೋಲು, ಹದಿಮೂರು ಡ್ರಾ.

26ನೆಯ ಆಟ ನಡೆದದ್ದು ಸಮುದ್ರ ದಡದ ಝಾಂಡ್‌ವೋರ್ಟ್‌ನಲ್ಲಿ. ಚೆಸ್ ಪ್ರಪಂಚ ಅದನ್ನು 'ಝಾಂಡ್‌ವೋರ್ಟ್‌ನ ಮುತ್ತು' ಎಂದು ಕರೆಯುತ್ತದೆ. ಕಪ್ಪು ಕಾಯಿ ಹಿಡಿದ ಅಲೆಖೈನ್ ಆಯ್ಕೆ ಮಾಡಿಕೊಂಡದ್ದು ಡಚ್ ಡಿಫೆನ್ಸ್ ಎಂಬ ಆರಂಭವನ್ನು. ಡಚ್ಚರ ನೆಲದಲ್ಲಿ ಡಚ್ ಆಟಗಾರನ ಎದುರು ಅದೊಂದು ಕುಚೋದ್ಯವೋ ಏನೋ! ಯೂವೆ ಒಂದು ದೊಡ್ಡ ಕಾಯಿಯನ್ನು ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ಪದಾತಿಗಳನ್ನು ಹೊಡೆದುಕೊಂಡರು. ಆಮೇಲೆ ಹಲಗೆಯ ನಡುವೆ ಜೊತೆಜೊತೆಯಾಗಿ ನಿಂತ ಪದಾತಿಗಳನ್ನು ಒಂದೊಂದೇ ಮನೆ ಮುಂದೂಡುತ್ತ ಹೋದರು. ಮಂತ್ರಿ, ಆನೆಗಳ ಅಬ್ಬರದಿಂದ ಗೆದ್ದ ಆಟವಲ್ಲ ಅದು, ಕಾಲಾಳುಗಳ ಆಟ.

ಅಲೆಖೈನ್ ಕುಡಿತದಿಂದ ಸೋತರು ಎಂಬ ಮಾತು ಅಂದಿನಿಂದ ಇಂದಿನವರೆಗೂ ಇದೆ. ಆ ದಿನಗಳಲ್ಲಿ ಅವರು ಕುಡಿಯುತ್ತಿದ್ದುದು ಸುಳ್ಳಲ್ಲ. ಆದರೆ ಎದುರಾಳಿ ಕುಡಿದಿದ್ದಾನೆಂದು ಆಟ ತಾನೇ ಗೆಲ್ಲುವುದಿಲ್ಲ. ಈ ಕಡೆ ಕುಳಿತವರು ವ್ಯಾಯಾಮ ಮಾಡಿ ಮೈ ಹದ ಮಾಡಿಕೊಂಡಿದ್ದರು, ಆಟದ ಆರಂಭಗಳನ್ನು ಪರೀಕ್ಷೆಗೆ ಓದುವಂತೆ ಓದಿದ್ದರು, ಮೂರು ಅಂಕ ಹಿಂದೆ ಬಿದ್ದರೂ ಗಾಬರಿಯಾಗಲಿಲ್ಲ. ಹತ್ತು ವಾರ ಒಂದೇ ಮಟ್ಟದಲ್ಲಿ ಕೆಲಸ ಮಾಡುವ ಅಭ್ಯಾಸ ಮೇಷ್ಟ್ರಿಗೆ ಇರಲೇಬೇಕಲ್ಲ. ಪೋರ್ಷನ್ ಮುಗಿಸಲೇಬೇಕು.

ಗೆದ್ದ ಮೇಲೆ ನಡೆದದ್ದು ನನಗೆ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ. ಅಲೆಖೈನ್ 1927ರಲ್ಲಿ ಕಾಪಾಬ್ಲಾಂಕಾ ಅವರಿಂದ ಪಟ್ಟ ಕಿತ್ತುಕೊಂಡವರು ಮತ್ತೆಂದೂ ಅವರಿಗೆ ಮರುಪಂದ್ಯ ಕೊಡಲಿಲ್ಲ. ಯೂವೆ ಎರಡೇ ವರ್ಷದಲ್ಲಿ, 1937ರಲ್ಲಿ, ಅಲೆಖೈನ್‌ಗೆ ಮರುಪಂದ್ಯ ಕೊಟ್ಟು 15½–9½ರಲ್ಲಿ ಸೋತರು. ಪಟ್ಟವನ್ನೇ ಅನ್ನ ಮಾಡಿಕೊಂಡವರಿಗೆ ಅದನ್ನು ಪಣಕ್ಕಿಡುವುದು ಕಷ್ಟ. ಅನ್ನಕ್ಕೆ ಬೇರೆ ದಾರಿಯಿದ್ದವರು ಕೊಟ್ಟ ಮಾತಿಗೆ ನಿಂತರು.

3. ಹೊತ್ತು ಯಾರದು?

ಈಗ ಮೇಷ್ಟ್ರನ್ನು ಸ್ವಲ್ಪ ಬದಿಗೆ ಕೂರಿಸಿ ಇನ್ನೂ ಮೂವರನ್ನು ಕರೆಯೋಣ.

ಮೊದಲನೆಯವರು ನಮ್ಮವರೇ, ಮುಮ್ಮಡಿ ಕೃಷ್ಣರಾಜ ಒಡೆಯರ್. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಸಿಂಹಾಸನವಿದ್ದೂ ಕೆಲಸವಿಲ್ಲದ ಅರಸರು. ಆ ದೀರ್ಘ ಬಿಡುವಿನಲ್ಲಿ ಅವರ ಅರಮನೆ ಹಲಗೆಯಾಟಗಳ ಪ್ರಯೋಗಶಾಲೆಯಾಯಿತು. ಹೊಸ ಆಟಗಳು, ಎಲೆಯಾಟಗಳು, ಕುದುರೆ ಎಲ್ಲ ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಬರುವ 'ಕುದುರೆ ನಡೆ'ಯ ಬಂಧಗಳು ಅಲ್ಲಿ ಹುಟ್ಟಿದವು. ಕುದುರೆ ಮೆಟ್ಟಿದ ಕ್ರಮದಲ್ಲಿ ಮನೆಗಳಿಗೆ ಅಂಕಿ ಹಾಕಿದರೆ ಸಾಲು, ಕಂಬಗಳ ಮೊತ್ತ ಒಂದೇ ಬರುವಂಥ ರಚನೆಗಳೂ ಅವುಗಳಲ್ಲಿವೆ. ಅರಸರ ಬಿಡುವು ಅವರು ಕೇಳಿ ಪಡೆದದ್ದಲ್ಲ, ಅವರ ಮೇಲೆ ಹೇರಿದ್ದು. ಆ ಬಿಡುವಿನಲ್ಲೂ ಅವರು ಗಣಿತ ಹುಡುಕಿದರು.

ಎರಡನೆಯವರು ಮೀರ್ ಸುಲ್ತಾನ್ ಖಾನ್, ಅವಿಭಜಿತ ಪಂಜಾಬಿನವರು. ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವರ ಆಶ್ರಯದಲ್ಲಿದ್ದು 1929ರಲ್ಲಿ ಅವರೊಡನೆ ಲಂಡನ್ನಿಗೆ ಹೋದರು. ಪದಾತಿ ಮೊದಲ ನಡೆಯಲ್ಲಿ ಒಂದೇ ಮನೆ ಹೋಗುವ ನಮ್ಮ ದೇಸಿ ಚದುರಂಗ ಕಲಿತು ಬಂದವರು, ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಗೆದ್ದರು. 1930–31ರ ಹೇಸ್ಟಿಂಗ್ಸ್‌ನಲ್ಲಿ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿ ಮೂರನೆಯವರಾದರು. ಆ ಟೂರ್ನಮೆಂಟಿನಲ್ಲಿ ಕಾಪಾಬ್ಲಾಂಕಾ ಎರಡನೆಯವರು. ಮೊದಲನೆಯವರು? ಕ್ರಿಸ್ಮಸ್ ರಜೆಗೆ ಬಂದಿದ್ದ ನಮ್ಮ ಮೇಷ್ಟ್ರು. ಪಾಶ್ಚಾತ್ಯ ಪುಸ್ತಕಗಳು ಸುಲ್ತಾನ್ ಖಾನ್ ಅವರನ್ನು ಮನೆಯ ಸೇವಕ ಎಂದೇ ಬಣ್ಣಿಸಿದವು, ಅವರ ವಂಶಸ್ಥರು ಅದನ್ನು ಒಪ್ಪುವುದಿಲ್ಲ. ಆದರೆ ಒಂದು ಮಾತು ಸ್ಪಷ್ಟ: ಸರ್ ಉಮರ್ ಲಂಡನ್ನಿಗೆ ಹೊರಟಾಗ ಸುಲ್ತಾನ್ ಖಾನ್ ಅವರ ಯುರೋಪಿನ ಚೆಸ್ ಶುರುವಾಯಿತು, ಸರ್ ಉಮರ್ ಹಿಂತಿರುಗಿದಾಗ, 1933ರ ಕೊನೆಗೆ, ಅದು ಮುಗಿಯಿತು. ನಾಲ್ಕೂವರೆ ವರ್ಷ. ಜಾಗತಿಕ ಚೆಸ್ ಸಂಸ್ಥೆ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟದ್ದು 2024ರಲ್ಲಿ, ಅವರು ತೀರಿಕೊಂಡು ಸುಮಾರು 58 ವರ್ಷವಾದ ಮೇಲೆ.

ಮೂರನೆಯವರು ವೆರಾ ಮೆಂಚಿಕ್, ಮಹಿಳೆಯರ ಮೊದಲ ವಿಶ್ವ ಚಾಂಪಿಯನ್. ಹೇಸ್ಟಿಂಗ್ಸ್‌ನಲ್ಲಿ ಯೂವೆ ಅವರನ್ನು ಎರಡು ಸಲ ಸೋಲಿಸಿದವರು. ಅವರೆದುರು ಸೋತ ಗಂಡಸರನ್ನು 'ಮೆಂಚಿಕ್ ಕ್ಲಬ್ಬಿನ ಸದಸ್ಯರು' ಎಂದು ಛೇಡಿಸುವ ರೂಢಿಯಿತ್ತು, ಮುಂದೆ ವಿಶ್ವ ಚಾಂಪಿಯನ್ ಆದ ಯೂವೆ ಅದರ ಅತಿ ಗಣ್ಯ ಸದಸ್ಯರು. ಮೆಂಚಿಕ್ ಬದುಕಿದ್ದು ಚೆಸ್ ಪಾಠ ಹೇಳಿ, ಉಪನ್ಯಾಸ ಕೊಟ್ಟು, ಒಟ್ಟಿಗೆ ಹಲವರೊಡನೆ ಆಡುವ ಪ್ರದರ್ಶನಗಳನ್ನು ನಡೆಸಿ. ಸಂಬಳದ ರಜೆ ಎಂಬುದು ಅವರಿಗಿರಲಿಲ್ಲ. 1944ರಲ್ಲಿ ಲಂಡನ್ನಿನ ಮನೆಯ ಮೇಲೆ ಜರ್ಮನ್ನರ ಹಾರುಬಾಂಬು ಬಿದ್ದು ಸತ್ತಾಗ ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ.

ಅರಸರಿಗೆ ಹೊತ್ತೇ ಹೊತ್ತು, ಅಧಿಕಾರವಿಲ್ಲ. ಸುಲ್ತಾನ್ ಖಾನ್‌ಗೆ ಪ್ರತಿಭೆಯಿತ್ತು, ಹೊತ್ತು ಇನ್ನೊಬ್ಬರದು. ಮೆಂಚಿಕ್‌ಗೆ ಹೊತ್ತು ತನ್ನದೇ, ಆದರೆ ಅದನ್ನು ದಿನವೂ ಮಾರಿಕೊಳ್ಳಬೇಕು. ಈ ನಾಲ್ವರಲ್ಲಿ ಯೂವೆ ಒಬ್ಬರಿಗೇ ತನ್ನ ಹೆಸರಿನಲ್ಲಿ, ಲೆಕ್ಕಕ್ಕೆ ಸಿಗುವ, ಯಾರ ಮರ್ಜಿಗೂ ಕಾಯದ ರಜೆಯಿತ್ತು. ಪ್ರತಿಭೆಯ ಅಳತೆಯಲ್ಲಿ ಇವರನ್ನು ಮೇಲೆ ಕೆಳಗೆ ಕೂರಿಸುವುದು ಕಷ್ಟ. ರಜೆಯ ಅಳತೆಯಲ್ಲಿ ಸುಲಭ.

4. ಮುಗಿಯದ ಆಟ

ದೊಮ್ಮಲೂರಿನಲ್ಲಿ ಸಾಫ್ಟ್‌ವೇರ್ ಬರೆಯುವವರು ಬಹಳ. ಅವರಿಗಾಗಿ ಯೂವೆಯವರ ನೌಕರಿ ಅವರ ಆಟಕ್ಕೆ ಕೈಜೋಡಿಸಿದ ಒಂದು ಪ್ರಸಂಗ ಹೇಳುತ್ತೇನೆ.

ಆಗ ಚೆಸ್‌ನಲ್ಲಿ ಒಂದು ನಿಯಮವಿತ್ತು: ಒಂದೇ ನಡೆಗಳ ಸರಣಿ ಬೆನ್ನುಬೆನ್ನಿಗೆ ಮೂರು ಸಲ ಬಂದರೆ ಆಟ ಡ್ರಾ. ಆಟ ಎಂದೆಂದಿಗೂ ಮುಗಿಯದೆ ಹೋಗಬಾರದು ಎಂಬುದು ನಿಯಮದ ಉದ್ದೇಶ. ಈ ನಿಯಮ ಆ ಕೆಲಸವನ್ನು ಮಾಡುತ್ತದೆಯೇ ಎಂದು ಯೂವೆ 1929ರಲ್ಲಿ ಗಣಿತದ ಲೇಖನವೊಂದರಲ್ಲಿ ಕೇಳಿದರು. ಅವರ ಉತ್ತರ: ಮಾಡುವುದಿಲ್ಲ.

ಅವರು ಬಳಸಿದ ಉಪಾಯ ಹೀಗಿದೆ. 0 ಎಂದು ಬರೆಯಿರಿ. ಅದರ ಪಕ್ಕಕ್ಕೆ ಅದರ ವಿರುದ್ಧವನ್ನು ಬರೆದರೆ 01. ಈಗ ಇದರ ವಿರುದ್ಧವನ್ನು ಪಕ್ಕಕ್ಕೆ ಸೇರಿಸಿದರೆ 0110. ಮತ್ತೆ ಸೇರಿಸಿದರೆ 01101001. ಹೀಗೆ ಎಷ್ಟು ಬೇಕಾದರೂ ಬೆಳೆಸಿ, ಯಾವ ತುಂಡೂ ಬೆನ್ನುಬೆನ್ನಿಗೆ ಮೂರು ಸಲ ಬರುವುದಿಲ್ಲ. ಇನ್ನು 0 ಇರುವಲ್ಲಿ ಇಬ್ಬರೂ ಒಂದು ಬದಿಯ ಕುದುರೆಯನ್ನು ಆಚೆ ಕಳಿಸಿ ಈಚೆ ತರುವುದು, 1 ಇರುವಲ್ಲಿ ಇನ್ನೊಂದು ಬದಿಯ ಕುದುರೆಯನ್ನು ಹಾಗೇ ಮಾಡುವುದು. ಯಾರೂ ಯಾರನ್ನೂ ಹೊಡೆಯಬೇಕಿಲ್ಲ. ನಿಯಮ ಎಲ್ಲೂ ಮುರಿಯುವುದಿಲ್ಲ, ಆಟ ಎಂದೂ ಮುಗಿಯುವುದಿಲ್ಲ. ಈ ಸರಣಿಯನ್ನು ನಾರ್ವೆಯ ತೂಎ, ಅಮೆರಿಕದ ಮೋರ್ಸ್ ಮೊದಲೇ ಕಂಡಿದ್ದರು. ಇಂದು ಅದು ಅವರಿಬ್ಬರ ಹೆಸರಿನಲ್ಲೇ ಇದೆ. ಯೂವೆ ಅದಕ್ಕೆ ತಮ್ಮದೇ ದಾರಿಯಲ್ಲಿ ಬಂದು ಮುಟ್ಟಿದರು. ಈಗಿನ ನಿಯಮ ನಡೆಗಳನ್ನು ಬಿಟ್ಟು ಹಲಗೆಯ ಮೇಲಿನ ಸ್ಥಿತಿಯನ್ನು ಎಣಿಸುತ್ತದೆ, ಹಾಗಾಗಿ ಆ ಕಿಂಡಿ ಮುಚ್ಚಿದೆ.

ಇಂಥ ಪ್ರಶ್ನೆ ಗೆಲ್ಲುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಆಟಗಾರನಿಗೆ ಹೊಳೆಯುವುದು ಅಪರೂಪ, ಏಕೆಂದರೆ ಈ ಆಟದಲ್ಲಿ ಗೆಲ್ಲುವವರೇ ಇಲ್ಲ. ತರಗತಿಯಲ್ಲಿ ನಿಂತು 'ಈ ನಿಯಮ ಯಾಕೆ?' ಎಂದು ಮಕ್ಕಳ ಬಾಯಲ್ಲಿ ಕೇಳಿಸಿಕೊಳ್ಳುವ ಮೇಷ್ಟ್ರಿಗೆ ಹೊಳೆಯಬಹುದು. ಐವತ್ತರ ದಶಕದಲ್ಲಿ ಯೂವೆ ಕಂಪ್ಯೂಟರಿನ ಕಡೆ ತಿರುಗಿದರು. ರೆಮಿಂಗ್ಟನ್ ರ‍್ಯಾಂಡ್ ಕಂಪನಿಯಲ್ಲಿ ಕೆಲಸ ಮಾಡಿದರು, ಯಂತ್ರ ಚೆಸ್ ಆಡಬಲ್ಲದೇ ಎಂಬ ಅಧ್ಯಯನದಲ್ಲಿ ಪಾಲ್ಗೊಂಡರು, ಆಮೇಲೆ ಟಿಲ್ಬರ್ಗ್‌ನಲ್ಲಿ ಪ್ರಾಧ್ಯಾಪಕರಾದರು. 1970ರಿಂದ 1978ರವರೆಗೆ ಫಿಡೆ ಅಧ್ಯಕ್ಷರು. 1972ರಲ್ಲಿ ಫಿಷರ್–ಸ್ಪಾಸ್ಕಿ ವಿಶ್ವ ಚಾಂಪಿಯನ್‌ಷಿಪ್ ಪಂದ್ಯ ಮುರಿದುಬೀಳದಂತೆ ನೋಡಿಕೊಂಡವರಲ್ಲಿ ಅವರೂ ಒಬ್ಬರು. ಎಪ್ಪತ್ತಕ್ಕೂ ಹೆಚ್ಚು ಪುಸ್ತಕ ಬರೆದರು, ಹೆಚ್ಚಿನವು ಪಾಠಪುಸ್ತಕಗಳೇ. ಅವುಗಳಲ್ಲಿ ಒಂದು, ಬಲ್ಲವನು ಹವ್ಯಾಸಿಯ ಜೊತೆ ಆಡುವಾಗ ಏನಾಗುತ್ತದೆ ಎಂಬುದನ್ನು ನಡೆ ನಡೆಯಾಗಿ ಬಿಡಿಸುತ್ತದೆ. ಚಾಂಪಿಯನ್ನರು ಸಾಮಾನ್ಯವಾಗಿ ಚಾಂಪಿಯನ್ನರ ಆಟಗಳ ಬಗ್ಗೆಯೇ ಬರೆಯುತ್ತಾರೆ.

5. ನೌಕರಿಯ ಬೆಲೆ

ಇಷ್ಟು ಹೇಳಿ ನಿಲ್ಲಿಸಿದರೆ ನೌಕರಿಯನ್ನು ಸುಮ್ಮನೆ ಹೊಗಳಿದಂತಾಗುತ್ತದೆ. ಅದಕ್ಕೆ ಬೆಲೆಯೂ ಇತ್ತು. 1948ರಲ್ಲಿ, ಅಲೆಖೈನ್ ತೀರಿಕೊಂಡ ಮೇಲೆ, ಖಾಲಿಯಾದ ಪಟ್ಟಕ್ಕಾಗಿ ಐವರು ಆಡಿದರು. ಯೂವೆ ಐದನೆಯವರಾದರು, ಬಹಳ ಹಿಂದೆ ಬಿದ್ದ ಐದನೆಯವರು. ಗೆದ್ದ ಬೊಟ್ವಿನಿಕ್ ಕೂಡ ನೌಕರಿಯಿದ್ದವರೇ, ವಿದ್ಯುತ್ ಎಂಜಿನಿಯರ್. ಆದರೆ ಅವರ ಹಿಂದೆ ಚೆಸ್ಸನ್ನು ಸರ್ಕಾರಿ ಕೆಲಸವೆಂದೇ ಎಣಿಸಿದ ಒಂದು ದೇಶವಿತ್ತು. ಆ ಪಂದ್ಯದ ಮುಖ್ಯ ತೀರ್ಪುಗಾರ ಸ್ಲೊವೇನಿಯಾದ ಮಿಲಾನ್ ವಿಡ್ಮಾರ್. ಅವರೂ ಗ್ರ್ಯಾಂಡ್‌ಮಾಸ್ಟರ್, ಲುಬ್ಲಿಯಾನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಟ್ರಾನ್ಸ್‌ಫಾರ್ಮರ್ ತಜ್ಞ. ಹೀಗೆ ಒಂದೇ ಸಭಾಂಗಣದಲ್ಲಿ ಮೇಷ್ಟ್ರು, ಎಂಜಿನಿಯರ್, ಟ್ರಾನ್ಸ್‌ಫಾರ್ಮರ್ ಪ್ರಾಧ್ಯಾಪಕ. ಹೊರಗಿನಿಂದ ಮೂವರೂ ಒಂದೇ ಥರ. ಒಳಗೆ, ಯಾರ ರಜೆಯನ್ನು ಯಾರು ಕೊಡುತ್ತಿದ್ದರು ಎಂಬುದರಲ್ಲಿ ಅಜಗಜಾಂತರ.

ಇಂದು ಸ್ಪರ್ಧೆ ಇನ್ನೂ ಕಠಿಣ. ಪ್ರಜ್ಞಾನಂದ 2018ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದಾಗ ಹದಿಮೂರು ತುಂಬಿರಲಿಲ್ಲ. ಗುಕೇಶ್ 2024ರ ಡಿಸೆಂಬರ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಹದಿನೆಂಟು. ಅವರು ನಾಲ್ಕನೆಯ ತರಗತಿಯ ನಂತರ ದಿನವೂ ಶಾಲೆಗೆ ಹೋಗುವುದನ್ನು ಬಿಟ್ಟವರು. ಮಗನ ಜೊತೆ ಊರೂರು ಸುತ್ತಲು ವೈದ್ಯರಾದ ಅವರ ತಂದೆ ತಮ್ಮ ವೃತ್ತಿಯನ್ನು ಬದಿಗಿಟ್ಟರು. ಇದನ್ನು ಗಮನಿಸಿ. ನೌಕರಿಯ ಪ್ರಶ್ನೆ ಹೋಗಲಿಲ್ಲ, ಒಂದು ತಲೆಮಾರು ಹಿಂದಕ್ಕೆ ಸರಿಯಿತು. ಯೂವೆ ತಮ್ಮ ರಜೆಯಲ್ಲಿ ಆಡಿದರು, ಈಗ ಮಕ್ಕಳು ಅಪ್ಪ ಅಮ್ಮಂದಿರ ರಜೆಯಲ್ಲಿ ಆಡುತ್ತಾರೆ. ಎಷ್ಟು ಮನೆಗಳಿಗೆ ಅದು ಸಾಧ್ಯ? ಎರಡು ಸಂಬಳವಿಲ್ಲದೆ ತಿಂಗಳು ದಾಟದ ಮನೆಯ ಮಗು ಏನು ಮಾಡಬೇಕು?

6. ನಮ್ಮ ಪೂರ್ವ ಬೆಂಗಳೂರು

ಉತ್ತರದ ಒಂದು ತುದಿ ಹಾಲೆಂಡಿನಲ್ಲೇ ಇದೆ. ಅಲ್ಲಿ ಹೂಗೋವನ್ಸ್ ಎಂಬ ಉಕ್ಕಿನ ಕಾರ್ಖಾನೆಯ ಚೆಸ್ ಕ್ಲಬ್ಬು 1938ರಲ್ಲಿ ಬೆವರ್ವೈಕ್ ಊರಿನಲ್ಲಿ ಒಂದು ಪುಟ್ಟ ಟೂರ್ನಮೆಂಟ್ ಶುರುಮಾಡಿತು. ಯೂವೆ ಅಲ್ಲಿ ಹಲವು ಸಲ ಗೆದ್ದರು. 1968ರಲ್ಲಿ ಅದು ಪಕ್ಕದ ವೈಕ್ ಆನ್ ಝೀ ಎಂಬ ಕಡಲ ದಡದ ಹಳ್ಳಿಗೆ ಹೋಯಿತು. ನಮ್ಮ ಆನಂದ್ ಅಲ್ಲಿ ಐದು ಸಲ ಪ್ರಶಸ್ತಿ ಪಡೆದರು. ಕಾರ್ಖಾನೆ ಕೋರಸ್ ಆಯಿತು, ಕೋರಸ್ಸನ್ನು 2007ರಲ್ಲಿ ಟಾಟಾ ಸ್ಟೀಲ್ ಕೊಂಡಿತು. ಇಂದು ಜಗತ್ತಿನ ಅತಿ ಗೌರವದ ಟೂರ್ನಮೆಂಟುಗಳಲ್ಲೊಂದಕ್ಕೆ ಟಾಟಾ ಹೆಸರಿದೆ. ಬೆಂಗಳೂರಿಗೆ ವಿಜ್ಞಾನ ಸಂಸ್ಥೆ ಕೊಟ್ಟ ಮನೆತನದ ಹೆಸರು. ಆ ಟೂರ್ನಮೆಂಟಿನ ನಿಜವಾದ ಸೊಗಸು ಅಗ್ರ ಆಟಗಾರರಲ್ಲಿ ಮಾತ್ರ ಇಲ್ಲ. ಅದೇ ಹಳ್ಳಿಯಲ್ಲಿ, ಅವರ ಕಣ್ಣಳತೆಯಲ್ಲೇ, ನೂರಾರು ಹವ್ಯಾಸಿಗಳು ತಮ್ಮ ತಮ್ಮ ದರ್ಜೆಯ ಗುಂಪುಗಳಲ್ಲಿ ಆಡುತ್ತಾರೆ. ಕಚೇರಿಗೆ ರಜೆ ಹಾಕಿ ಬಂದವರು, ಪ್ರತಿ ವರ್ಷ ಬರುವವರು. ಕೊನೆಗೆ ಎಲ್ಲರೂ ಕುಳಿತು ಬಟಾಣಿ ಸೂಪು ಕುಡಿಯುತ್ತಾರೆ, ಯುದ್ಧ ಮುಗಿದ ಬರಗಾಲದ ದಿನಗಳಿಂದ ಬಂದ ಪದ್ಧತಿ ಅದು.

ಉತ್ತರದ ಇನ್ನೊಂದು ತುದಿ ನಾವು ಕುಳಿತಿರುವ ಜಾಗದ ಸುತ್ತಲೇ ಇದೆ. 1940ರಲ್ಲಿ ಎಚ್‌ಎಎಲ್ ಬಂತು. 1948ರಲ್ಲಿ ಕೆ.ಆರ್. ಪುರದ ಹತ್ತಿರ ದೂರವಾಣಿ ಕಾರ್ಖಾನೆ ಐಟಿಐ ಬಂತು, ಅದರ ಬೆನ್ನಿಗೆ ದೂರವಾಣಿನಗರ ಎದ್ದಿತು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಟ್ರಾನ್ಸ್‌ಫಾರ್ಮರ್‌ಗಳನ್ನು ಮಾಡಿತು. ವಿಡ್ಮಾರ್ ಬಂದಿದ್ದರೆ ಖುಷಿಪಡುತ್ತಿದ್ದರು. ಈ ಕಾರ್ಖಾನೆಗಳು ಸಂಬಳದ ಜೊತೆಗೆ ಆಟದ ಮೈದಾನ, ಕ್ರೀಡಾ ಕೋಟಾ, ಕನ್ನಡ ಸಂಘ, ನಾಟಕದ ತಂಡ ಎಲ್ಲವನ್ನೂ ತಂದವು. ಶಿಫ್ಟು ಮುಗಿಯುವ ಹೊತ್ತು ಗೊತ್ತಿತ್ತು, ಆದ್ದರಿಂದ ತಾಲೀಮಿನ ಹೊತ್ತೂ ಗೊತ್ತಿತ್ತು. ನೌಕರಿಯ ಆಚೆ ಒಂದು ವಿದ್ಯೆ ಎಂಬುದು ಕನ್ನಡಕ್ಕೆ ಹೊಸದೂ ಅಲ್ಲ: ಮಾಸ್ತಿ ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು, ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯ ಗುಮಾಸ್ತರಾಗಿದ್ದುಕೊಂಡೇ ಕವಿತೆ ಬರೆದರು.

ಕ್ರಿಕೆಟ್ಟಿನಲ್ಲಿ ಇದಕ್ಕೆ ನಮ್ಮದೇ ದೊಡ್ಡ ಉದಾಹರಣೆ ಎರಪಳ್ಳಿ ಪ್ರಸನ್ನ. 1962ರ ಜನವರಿಯಲ್ಲಿ ಮೊದಲ ಟೆಸ್ಟ್ ಆಡಿದವರು, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದು ಎಂಜಿನಿಯರಿಂಗ್ ಪದವಿ ಮುಗಿಸಲು ಟೆಸ್ಟ್ ಕ್ರಿಕೆಟ್ಟಿನಿಂದ ಹಿಂದೆ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಸುಮಾರು ಐದು ವರ್ಷದ ಬಿಡುವಿನ ನಂತರವೂ ಅವರ ಲೆಕ್ಕ 49 ಟೆಸ್ಟಿಗೆ 189 ವಿಕೆಟ್ಟಿಗೆ ಹೋಗಿ ನಿಂತಿತು. ಗುಂಡಪ್ಪ ವಿಶ್ವನಾಥ್ ಸ್ಟೇಟ್ ಬ್ಯಾಂಕಿನ ನೌಕರಿಯಲ್ಲಿದ್ದರು. ಆಟ ನಿಂತ ಮೇಲೂ ಬದುಕು ನಿಲ್ಲುವುದಿಲ್ಲ ಎಂಬ ಭರವಸೆ ಆ ತಲೆಮಾರಿಗೆ ಬಂದದ್ದು ಇಂಥ ನೌಕರಿಗಳಿಂದ.

ಚೆಸ್‌ನಲ್ಲಿ ಯೂವೆಗೆ ಹತ್ತಿರದ ನಮ್ಮವರು ಮೈಸೂರಿನ ಎಂ.ಎಸ್. ತೇಜ್‌ಕುಮಾರ್. ರೈಲ್ವೆ ನೌಕರರು. 2017ರಲ್ಲಿ ಭಾರತದ 50ನೆಯ ಗ್ರ್ಯಾಂಡ್‌ಮಾಸ್ಟರ್ ಆದರು, ಕರ್ನಾಟಕದ ಮೊದಲನೆಯವರು. ಹದಿಹರೆಯದಲ್ಲಿ ಅಲ್ಲ, ಮೂವತ್ತು ದಾಟಿದ ಮೇಲೆ. ನೆರೆಯ ತಮಿಳುನಾಡು ಅಷ್ಟರಲ್ಲಿ ಗ್ರ್ಯಾಂಡ್‌ಮಾಸ್ಟರುಗಳ ದೊಡ್ಡ ಪಡೆಯನ್ನೇ ಬೆಳೆಸಿತ್ತು, ನಾವು ಮೊದಲನೆಯವರಿಗಾಗಿ ಕಾಯುತ್ತಿದ್ದೆವು. ಆ ಕಾಯುವಿಕೆ ಕೊನೆಗೊಂಡದ್ದು ಅಕಾಡೆಮಿಯ ಹುಡುಗನಿಂದಲ್ಲ, ರೈಲ್ವೆ ನೌಕರರೊಬ್ಬರಿಂದ ಎಂಬುದನ್ನು ಮರೆಯಬಾರದು. ರೈಲ್ವೆ ಕ್ರೀಡಾ ಉತ್ತೇಜನ ಮಂಡಳಿ ಹುಟ್ಟಿದ್ದು 1928ರಲ್ಲಿ. ರಾಷ್ಟ್ರೀಯ, ಅಂತರರಾಷ್ಟ್ರೀಯ ಪಂದ್ಯಗಳಿಗೆ ಹೋಗುವ ಕೇಂದ್ರ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆಯ ಅವಕಾಶವಿದೆ. ಕ್ರೀಡಾ ಕೋಟಾದ ಪಟ್ಟಿಯಲ್ಲಿ ಚೆಸ್ ಕೂಡ ಇದೆ. ಇದು ಬೇಸರದ ಸುತ್ತೋಲೆಯ ಭಾಷೆ, ನಿಜ. ಆದರೆ ಒಬ್ಬ ತೇಜ್‌ಕುಮಾರ್ ಇಂಥ ಸುತ್ತೋಲೆಗಳಿಲ್ಲದೆ ಆಗುವುದಿಲ್ಲ. ಆಮೇಲೆ ಸ್ಟ್ಯಾನಿ, ಗಿರೀಶ್ ಕೌಶಿಕ್, ಪ್ರಣವ್ ಆನಂದ್ ಗ್ರ್ಯಾಂಡ್‌ಮಾಸ್ಟರುಗಳಾಗಿ ಬಂದರು. ಮೊದಲ ಬಾಗಿಲು ತೆರೆದದ್ದು ರಜಾ ಅರ್ಜಿ ಬರೆದವರು.

7. ದೊಮ್ಮಲೂರಿಗೆ

ಎನ್‌ಜಿಇಎಫ್ 2002ರಲ್ಲಿ ಬಾಗಿಲು ಹಾಕಿತು. ಐಟಿಐ ಸೊರಗಿತು. ಅವುಗಳ ಜಾಗದಲ್ಲಿ ಬಂದ ಗಾಜಿನ ಕಟ್ಟಡಗಳು, ದೊಮ್ಮಲೂರಿನ ಒಳವರ್ತುಲ ರಸ್ತೆಯಲ್ಲಿ ಸಾಲಾಗಿ ನಿಂತಿರುವಂಥವು, ಹಳೆಯ ಕಾರ್ಖಾನೆಗಳಿಗಿಂತ ಹೆಚ್ಚು ಸಂಬಳ ಕೊಡುತ್ತವೆ. ಒಳಗೆ ಕೇರಂ ಬೋರ್ಡಿದೆ, ಟೇಬಲ್ ಟೆನಿಸ್ ಇದೆ, ಚೆಸ್ ಹಲಗೆಯೂ ಇರಬಹುದು. ಇಲ್ಲದಿರುವುದು ಕೆಲಸ ಇಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬ ಖಾತ್ರಿ. ಅಮೆರಿಕದವರು ಬೆಳಿಗ್ಗೆ ಎದ್ದಾಗ ಇಲ್ಲಿ ಸಂಜೆಯ ಮೀಟಿಂಗು. ನಡುರಾತ್ರಿ ಮೊಬೈಲಿನಲ್ಲಿ ಮೂರು ನಿಮಿಷದ ಆಟಗಳನ್ನು ಸಾಲಾಗಿ ಆಡಿ ಮಲಗುವ ಎಂಜಿನಿಯರ್ ಈ ಸಭೆಯಲ್ಲೂ ಇರಬಹುದು. ಅವರಿಗೆ ಪ್ರತಿಭೆಯ ಕೊರತೆಯಿಲ್ಲ. ನಾಲ್ಕು ಗಂಟೆ ಎದುರುಬದುರು ಕುಳಿತು ಒಂದೇ ಆಟ ಆಡುವ ಸಂಜೆಯ ಕೊರತೆ. ಕಚೇರಿಯಿಂದ ಬಂದ ಮೇಲೆ ಮನೆಯ ಎರಡನೆಯ ಪಾಳಿ ಶುರುವಾಗುವ ಹೆಂಗಸರಿಗೆ ಆ ಸಂಜೆ ಇನ್ನೂ ದೂರ.

ಈ ಊರಿನ ಚೊಕ್ಕನಾಥಸ್ವಾಮಿ ದೇವಸ್ಥಾನದಲ್ಲಿ ತಮಿಳು ಶಾಸನಗಳಿವೆ. ಭೂಮಿಯನ್ನೋ ತೆರಿಗೆಯ ಆದಾಯವನ್ನೋ ದೇವರಿಗೆ ಬಿಟ್ಟುಕೊಟ್ಟ ವಿವರ ಅವುಗಳಲ್ಲಿದೆ. ಬಿಟ್ಟುಕೊಟ್ಟವರು ಒಂದು ದಿನದ ಪೂಜೆಗೆ ದುಡ್ಡು ಕೊಟ್ಟು ಹೋಗಲಿಲ್ಲ. ತಾವಿಲ್ಲದಾಗಲೂ ನಡೆಯುತ್ತಿರಲಿ ಎಂದು ಒಂದು ಆದಾಯವನ್ನು ಪ್ರತ್ಯೇಕ ಮಾಡಿ, ಅದನ್ನು ಕಲ್ಲಿನ ಮೇಲೆ ಬರೆಸಿದರು. ದತ್ತಿಯ ಮರ್ಮ ಅದೇ. ಯೂವೆಯ ಶಾಲೆ, ಹೂಗೋವನ್ಸ್ ಕಾರ್ಖಾನೆ, ನಮ್ಮ ರೈಲ್ವೆ ಮಾಡಿದ್ದೂ ಅದನ್ನೇ. ಹೊತ್ತನ್ನು ಪ್ರತ್ಯೇಕ ಮಾಡಿದರು, ಅದನ್ನು ನಿಯಮವಾಗಿ ಬರೆದರು.

ಹಾಗಾಗಿ ನನ್ನ ಮಾತನ್ನು ಮೂರು ಕೋರಿಕೆಗಳಲ್ಲಿ ಮುಗಿಸುತ್ತೇನೆ. ಸಭೆಯಲ್ಲಿರುವ ಎಚ್‌ಆರ್ ವಿಭಾಗದವರಿಗೆ: ನೌಕರರ ಆಟಕ್ಕೆ ಬಹುಮಾನ, ಟೀ ಶರ್ಟು ಕೊಡುವ ಮೊದಲು ಪಂದ್ಯಕ್ಕೆ ಹೋಗುವ ರಜೆಯನ್ನು ನಿಮ್ಮ ನಿಯಮಾವಳಿಯಲ್ಲಿ ಒಂದು ಸಾಲಾಗಿ ಬರೆಯಿರಿ. ನಗರಪಾಲಿಕೆಯ ಪ್ರತಿನಿಧಿಗಳಿಗೆ: ಈ ಬಡಾವಣೆಯಲ್ಲಿ ಸಂಜೆ ಏಳರಿಂದ ಹತ್ತರವರೆಗೆ ದೀಪ, ಫ್ಯಾನು, ಹತ್ತು ಮೇಜು ಇರುವ ಒಂದು ಕೋಣೆ ಕೊಡಿ. ಹೆಂಗಸರು ಮಕ್ಕಳನ್ನು ಕರೆತರಬಹುದಾದ ಕೋಣೆಯಾಗಿರಲಿ. ಕೊನೆಯದು ದತ್ತಿ ಇಟ್ಟ ಕುಟುಂಬಕ್ಕೆ: ಮುಂದಿನ ವರ್ಷದ ಬಡ್ಡಿಯಲ್ಲಿ ಉಪನ್ಯಾಸ ಬೇಡ. ಇಲ್ಲಿನ ನೌಕರರಿಗಾಗಿ ನಿಧಾನಗತಿಯ ಚೆಸ್ ಟೂರ್ನಮೆಂಟು ನಡೆಸಿ. ವಾರಕ್ಕೆ ಒಂದೇ ಆಟ, ಶುಕ್ರವಾರ ಸಂಜೆ, ಎರಡು ತಿಂಗಳು. ಇಂದಿನ ನನ್ನ ಸಂಭಾವನೆಯನ್ನು ಅದರ ಮೊದಲ ಪ್ರವೇಶ ಶುಲ್ಕವಾಗಿ ಅಧ್ಯಕ್ಷರ ಕೈಗೆ ಕೊಟ್ಟಿದ್ದೇನೆ. ನನ್ನ ಹೆಸರನ್ನು ಕೊನೆಯ ದರ್ಜೆಯ ಗುಂಪಿನಲ್ಲಿ ಬರೆದುಕೊಳ್ಳಿ.